ಪಹಣಿಯಿಲ್ಲದ ಆಟಗಳು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೇ ಗೇಮ್ ಕನ್ಸೋಲನ್ನು ಊರಿಗೆ ತಗೊಂಡು ಹೋಗಿ ಅಕ್ಕನ ಮಗನಿಗೆ ಕೊಟ್ಟೆ. ಎಂಟನೇ ಕ್ಲಾಸಿನ ಹುಡುಗ. ಟೀವಿಗೆ ಜೋಡಿಸಿ ಆನ್ ಮಾಡಿದಾಗ ತೆರೆಯ ತುಂಬ ಆಟಗಳ ಚಿತ್ರಗಳು, ಒಂದು ಮೂವತ್ತಾದರೂ ಇದ್ದವು. ಅವನ ಮುಖ ನೋಡಬೇಕಿತ್ತು. ಆದರೆ ಒಂದೊಂದನ್ನೇ ಒತ್ತುತ್ತಾ ಹೋದ ಹಾಗೆ ಗೊತ್ತಾಯ್ತು, ಎಲ್ಲದರ ಮೇಲೂ ಪುಟ್ಟ ಬೀಗದ ಗುರುತು. ನಾನು ಆ ಕನ್ಸೋಲಿನ ಚಂದಾ ನಿಲ್ಲಿಸಿ ಮೂರು ತಿಂಗಳಾಗಿತ್ತು. ಕೊನೆಗೆ ಓಡಿದ್ದು ಎರಡೇ ಆಟ. ಎರಡೂ ನಾನು ಯಾವತ್ತೋ ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡಿದ್ದ ಡಿಸ್ಕುಗಳು.

'ಮಾವ, ಇಷ್ಟು ವರ್ಷ ದುಡ್ಡು ಕಟ್ಟಿದ್ಯಲ್ಲ, ಮತ್ತೆ ಇವೆಲ್ಲ ನಿಂದಲ್ವಾ?' ಅಂತ ಕೇಳಿದ. ಉತ್ತರ ಹೇಳಕ್ಕೆ ಹೋಗಿ ನಾನೇ ತಡವರಿಸಿದೆ.

ಬೆಂಗಳೂರಿಗೆ ವಾಪಸ್ ಬಂದವನು ಮೊದಲು ಮಾಡಿದ ಕೆಲಸ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಲೆಕ್ಕ ಹಾಕಿದ್ದು. ತಿಂಗಳಿಗೆ 500 ರೂಪಾಯಿಯ ಹಾಗೆ 26 ತಿಂಗಳು, 13,000 ರೂಪಾಯಿ. ಇಷ್ಟಕ್ಕೆ ನಾನು ಕೊನೆತನಕ ಆಡಿ ಮುಗಿಸಿದ ಆಟ ಐದು. ಅಂದ್ರೆ ಒಂದಕ್ಕೆ 2,600. ಆ ಐದೂ ಒಂದಲ್ಲ ಒಂದು ಸೇಲಿನಲ್ಲಿ ಇದರ ಅರ್ಧಕ್ಕಿಂತ ಕಮ್ಮಿಗೆ ಸಿಕ್ಕಿದ್ದವು. ಆರನೆಯದನ್ನು ಅರ್ಧ ಆಡಿದ್ದೆ. ಆಫೀಸಿನಲ್ಲಿ ರಿಲೀಸ್ ಬಂತು, ಮೂರು ವಾರ ಆ ಕಡೆ ತಲೆ ಹಾಕಲಿಲ್ಲ. ತಿರುಗಿ ಬರುವಷ್ಟರಲ್ಲಿ ಆ ಆಟವೇ ಪಟ್ಟಿಯಿಂದ ಹೋಗಿತ್ತು. ಮುಂದಕ್ಕೆ ಆಡಬೇಕಾದರೆ ಕೊಂಡುಕೊಳ್ಳಿ ಅಂದ್ರು.

ಆದ್ದರಿಂದ ಸುತ್ತು ಬಳಸದೆ ಹೇಳ್ತೀನಿ. ಕೆಲಸಕ್ಕೆ ಹೋಗುವ, ವಾರಕ್ಕೆ ನಾಲ್ಕೈದು ಗಂಟೆ ಆಡಿದರೆ ಹೆಚ್ಚು ಅನ್ನುವ ನಮ್ಮಂಥವರಿಗೆ ಗೇಮ್ ಚಂದಾ ಅನ್ನೋದು ನಷ್ಟದ ಬಾಬತ್ತು. ಅಗ್ಗ ಅಂತ ಕಾಣೋದು ನಾವು ಮುಗಿಸಿದ ಆಟಗಳನ್ನು ಎಣಿಸದೆ, ಪಟ್ಟಿಯಲ್ಲಿರುವ ಆಟಗಳನ್ನು ಎಣಿಸುವುದರಿಂದ.

'ನಾನೂರು ಆಟ, ಒಂದು ಪಿಜ್ಜಾದ ಬೆಲೆಗೆ' ಅನ್ನುವ ವಾದ ಇದೆಯಲ್ಲ, ಅದರಲ್ಲಿ ಒಂದು ಮೋಸ ಇದೆ. ನಾನೂರು ಆಟ ಇದ್ದರೂ ಭಾನುವಾರ ಒಂದೇ. ಮದುವೆ ಊಟದಲ್ಲಿ ನಲವತ್ತು ಬಗೆ ಬಡಿಸಿದರೂ ಹೊಟ್ಟೆ ಒಂದೇ ಅಲ್ವಾ? ನಮ್ಮಲ್ಲಿ ಕಮ್ಮಿ ಇರೋದು ಸಮಯ. ಇವರು ಮಾರುತ್ತಿರೋದು ಆಯ್ಕೆ. ನಮಗೆ ಕೊರತೆಯೇ ಇಲ್ಲದ ವಸ್ತುವನ್ನು ತಿಂಗಳು ತಿಂಗಳು ಕೊಳ್ತಾ ಇದ್ದೀವಿ.

ಇನ್ನು ಬೆಲೆಯ ಕಥೆ. ಮೈಕ್ರೋಸಾಫ್ಟಿನ ಗೇಮ್ ಪಾಸ್ ಶುರುವಾಗಿದ್ದು 2017ರ ಜೂನ್‌ನಲ್ಲಿ, ಅಮೆರಿಕದಲ್ಲಿ ತಿಂಗಳಿಗೆ 9.99 ಡಾಲರಿಗೆ. 2018ರ ಜನವರಿಯಲ್ಲಿ, ನಮ್ಮ ಸ್ವಂತ ಆಟಗಳೆಲ್ಲ ಬಿಡುಗಡೆಯ ದಿನವೇ ಇದರಲ್ಲಿ ಸಿಗುತ್ತವೆ ಅಂತ ಘೋಷಿಸಿದರು. ಆಮೇಲೆ ಬಂದ ಅಲ್ಟಿಮೇಟ್ ಅನ್ನುವ ದೊಡ್ಡ ಪ್ಲಾನ್ 2019ರಲ್ಲಿ 14.99 ಇತ್ತು. 2023ರಲ್ಲಿ 16.99 ಆಯ್ತು, 2024ರಲ್ಲಿ 19.99, 2025ರ ಅಕ್ಟೋಬರ್‌ನಲ್ಲಿ ಒಂದೇ ನೆಗೆತಕ್ಕೆ 29.99. ಆರು ವರ್ಷದಲ್ಲಿ ಎರಡು ಪಟ್ಟು. ನಮ್ಮಲ್ಲಿ ಅದೇ ಅಕ್ಟೋಬರ್‌ನಲ್ಲಿ 829 ಇದ್ದದ್ದು ಹೊಸಬರಿಗೆ 1,389 ರೂಪಾಯಿ ಆಯ್ತು. ವರ್ಷಕ್ಕೆ 16,668. ಬಿಡುಗಡೆಯ ದಿನವೇ ಆಡುವ ಸೌಲಭ್ಯ 2024ರಲ್ಲಿ ತಂದ ಅಗ್ಗದ ಕನ್ಸೋಲ್ ಪ್ಲಾನಿನಲ್ಲಿ ಇರಲೇ ಇಲ್ಲ. ಸೋನಿಯೇನು ಹಿಂದೆ ಬಿದ್ದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ ಪ್ಲಸ್‌ನ ಅತಿ ಕಡಿಮೆ ದರ್ಜೆಯ ವಾರ್ಷಿಕ ಚಂದಾ 59.99 ಡಾಲರಿನಿಂದ 79.99ಕ್ಕೆ ಏರಿತು.

ಈ ಆಟ ನಮಗೆ ಹೊಸದೇನಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸಿಮ್ಮಿಗೆ ಕ್ಯೂ ನಿಂತವರು ನಾವೇ. ಮುಂದಿನ ಮಾರ್ಚ್ ತನಕ ಎಲ್ಲಾ ಫ್ರೀ. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿ ಮೂವರೂ ಹೆಚ್ಚುಕಮ್ಮಿ ಒಟ್ಟೊಟ್ಟಿಗೇ ದರ ಏರಿಸಿದಾಗ ಬೈದುಕೊಂಡು ರೀಚಾರ್ಜ್ ಮಾಡಿದವರೂ ನಾವೇ. ಮೊದಲು ಅಭ್ಯಾಸ ಮಾಡಿಸು, ಆಮೇಲೆ ಬೆಲೆ ಹೇಳು. ಆದರೆ ಡೇಟಾ ಇಲ್ಲದೆ ಇವತ್ತು ಯುಪಿಐ ಇಲ್ಲ, ಕೆಲಸ ಇಲ್ಲ. ಗೇಮ್ ಚಂದಾಕ್ಕೆ ಆ ದರ್ದು ಇಲ್ಲ. ಬಿಟ್ಟರೆ ಏನೂ ಮುಳುಗಲ್ಲ. ಆದರೂ ಬಿಡಲ್ಲ, ಯಾಕೆ?

ಇದಕ್ಕೆ ಉತ್ತರ ನನಗೆ ಸ್ವಲ್ಪ ಒಳಗಿನಿಂದಲೇ ಗೊತ್ತು. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಚಂದಾ ರದ್ದು ಮಾಡುವ ಪುಟದ ಕೋಡ್ ಬರೆದವರಲ್ಲಿ ನಾನೂ ಒಬ್ಬ. ಗೇಮ್ ಕಂಪನಿ ಅಲ್ಲ, ಆದರೆ ವ್ಯಾಪಾರ ಅದೇ. 'ಮುಂದುವರಿಸಿ' ಅನ್ನೋ ಬಟನ್ ದೊಡ್ಡದಾಗಿ ಬಣ್ಣದಲ್ಲಿ, 'ರದ್ದು ಮಾಡಿ' ಅನ್ನೋದು ಕೆಳಗೆ ಬೂದು ಅಕ್ಷರದಲ್ಲಿ. ಮಧ್ಯೆ 'ನಿಜವಾಗ್ಲೂ ಹೋಗ್ತೀರಾ?' ಅಂತ ಮೂರು ಪುಟ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲರಿಗಿಂತ ಪ್ರೀತಿಯ ಗ್ರಾಹಕ ಯಾರು ಗೊತ್ತಾ? ದುಡ್ಡು ಕಟ್ಟುತ್ತಾ ಲಾಗಿನ್ನೇ ಆಗದವನು. ಅವನಿಂದ ಸರ್ವರಿಗೆ ಖರ್ಚಿಲ್ಲ, ಸಪೋರ್ಟಿಗೆ ಫೋನಿಲ್ಲ, ಬರೀ ಆದಾಯ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹದಿಮೂರು ಬಗೆಯ 'ಡಾರ್ಕ್ ಪ್ಯಾಟರ್ನ್'ಗಳ ಮೇಲೆ ಮಾರ್ಗಸೂಚಿ ತಂದಾಗ ಅದರಲ್ಲಿ 'ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್' ಕೂಡ ಇತ್ತು. ಓದಿದಾಗ ನನ್ನ ಹಳೇ ಕೋಡ್ ನೆನಪಾಗಿ ನಾಚಿಕೆ ಆಯ್ತು. ಆಟೋ ಡೆಬಿಟ್ಟಿಗೆ 24 ಗಂಟೆ ಮುಂಚೆ ಮೆಸೇಜ್ ಬರಲೇಬೇಕು ಅಂತ ರಿಸರ್ವ್ ಬ್ಯಾಂಕ್ 2021ರಲ್ಲೇ ನಿಯಮ ಜಾರಿ ಮಾಡಿದೆ. ನನಗೂ ಪ್ರತಿ ತಿಂಗಳು ಬರ್ತಿತ್ತು. ಓದಿ ಪಕ್ಕಕ್ಕೆ ಸರಿಸಿ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಹೋಗ್ತಿದ್ದೆ.

'ಹೋಗ್ಲಿ ಬಿಡು, ಆಟ ಮಾಡೋರಿಗಾದ್ರೂ ಒಳ್ಳೇದಾಗುತ್ತಲ್ಲ' ಅನ್ನಬಹುದು. ಆಗಿದೆಯಾ ನೋಡೋಣ. 2024ರ ಫೆಬ್ರವರಿಯಲ್ಲಿ ಗೇಮ್ ಪಾಸ್‌ಗೆ 3.4 ಕೋಟಿ ಚಂದಾದಾರರಿದ್ದಾರೆ ಅಂತ ಮೈಕ್ರೋಸಾಫ್ಟ್ ಹೇಳಿತು. 2025ರ ಜುಲೈನಲ್ಲಿ, ವರ್ಷದ ಆದಾಯ ಮೊದಲ ಬಾರಿಗೆ ಸುಮಾರು 500 ಕೋಟಿ ಡಾಲರ್ ಮುಟ್ಟಿದೆ ಅಂದಿತು. ಅದೇ ಜುಲೈ ತಿಂಗಳಲ್ಲಿ ಕಂಪನಿ ಒಟ್ಟಾರೆ ಸುಮಾರು 9,000 ಜನರನ್ನು ಮನೆಗೆ ಕಳಿಸಲು ಹೊರಟಿತು. ಗೇಮ್ ವಿಭಾಗದಲ್ಲಿ 'ಪರ್ಫೆಕ್ಟ್ ಡಾರ್ಕ್', 'ಎವರ್‌ವೈಲ್ಡ್' ಅನ್ನುವ ಎರಡು ಆಟ ಅರ್ಧಕ್ಕೇ ನಿಂತವು, ಒಂದು ಸ್ಟುಡಿಯೋಗೆ ಬಾಗಿಲು ಬಿತ್ತು. ಅದಕ್ಕೂ ಮುಂಚೆ, 'ಹೈ-ಫೈ ರಶ್' ಅನ್ನುವ ಆಟ 2023ರ ಜನವರಿಯಲ್ಲಿ ಗೇಮ್ ಪಾಸ್‌ನಲ್ಲಿ ಬಂದು ಎಲ್ಲರೂ ಹೊಗಳಿದ್ದರು. ಮಾಡಿದ ಜಪಾನಿನ ಟ್ಯಾಂಗೋ ಸ್ಟುಡಿಯೋವನ್ನು 2024ರ ಮೇ ತಿಂಗಳಲ್ಲಿ ಮುಚ್ಚುತ್ತೇವೆ ಅಂದ್ರು. ಉಳಿಸಿಕೊಂಡಿದ್ದು ನಮ್ಮ ಹುಡುಗರಿಗೆಲ್ಲ ಬಿಜಿಎಂಐ ಮೂಲಕ ಗೊತ್ತಿರುವ ಕ್ರಾಫ್ಟನ್. ಇನ್ನೊಂದು ವಿಷಯ. ಗೇಮ್ ಪಾಸ್‌ಗೆ ಸೇರಿದ ಆಟದ ಬಿಡಿ ಮಾರಾಟ ಮುಂದಿನ ಹನ್ನೆರಡು ತಿಂಗಳಲ್ಲಿ ಇಳಿಯುತ್ತದೆ ಅಂತ ಮೈಕ್ರೋಸಾಫ್ಟೇ ಒಪ್ಪಿಕೊಂಡ ಮಾತು, 2023ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಪ್ರಕಟಿಸಿದ ದಾಖಲೆಯಲ್ಲಿದೆ. ಅಂದ್ರೆ ಆಟ ಮೆಚ್ಚುಗೆ ಗಳಿಸಿದರೂ, ಚಂದಾದ ಆದಾಯ ಏರಿದರೂ ಮಾಡಿದವನ ಕೆಲಸ ಉಳಿಯುತ್ತೆ ಅನ್ನೋ ಭರವಸೆ ಇಲ್ಲ.

ನ್ಯಾಯವಾಗಿ ಇನ್ನೊಂದು ಕಡೆಯನ್ನೂ ಹೇಳಬೇಕು. 2023ರಲ್ಲಿ ಬಂದ 'ವೆಂಬಾ' ಅನ್ನೋ ಪುಟ್ಟ ಆಟ ನಾನು ಆಡಿದ್ದೇ ಚಂದಾ ಇದ್ದದ್ದರಿಂದ. ಕೆನಡಾಕ್ಕೆ ಹೋದ ತಮಿಳು ಅಮ್ಮ, ಹರಿದುಹೋದ ಅಡುಗೆ ಪುಸ್ತಕ, ಅದನ್ನು ಜೋಡಿಸಿಕೊಂಡು ನಾವು ಇಡ್ಲಿ ಮಾಡಬೇಕು. ಎರಡು ಗಂಟೆಯೊಳಗೆ ಮುಗಿಯುತ್ತೆ. ದುಡ್ಡು ಕೊಟ್ಟು ಕೊಳ್ಳೋ ಧೈರ್ಯ ನಾನು ಮಾಡ್ತಿರಲಿಲ್ಲ. 2025ರ 'ಕ್ಲೇರ್ ಆಬ್ಸ್‌ಕ್ಯೂರ್' ಮೊದಲ ದಿನದಿಂದಲೇ ಗೇಮ್ ಪಾಸ್‌ನಲ್ಲಿದ್ದರೂ 33 ದಿನದಲ್ಲಿ 33 ಲಕ್ಷ ಪ್ರತಿ ಮಾರಾಟವಾಯ್ತು. ಹಾಗಾಗಿ ಚಂದಾ ಎಲ್ಲರನ್ನೂ ಮುಳುಗಿಸುತ್ತೆ ಅನ್ನಲಾರೆ. ಹೊಸ ಪ್ಲೇಸ್ಟೇಷನ್ 5 ಬಂದಾಗ ಸೋನಿಯ ದೊಡ್ಡ ಆಟಗಳ ಬೆಲೆ ನಮ್ಮಲ್ಲಿ 4,999 ರೂಪಾಯಿ ಇತ್ತು. ಹಾಸ್ಟೆಲಿನಲ್ಲಿರೋ ಹುಡುಗನಿಗೆ ಅದು ಒಂದೂವರೆ ತಿಂಗಳ ಮೆಸ್ ಬಿಲ್ಲು. ಅವನ ಹತ್ರ ದುಡ್ಡಿಲ್ಲ, ಸಮಯ ಇದೆ. ಅವನು ಚಂದಾ ಕಟ್ಟಿ ತಿಂಗಳಿಗೆ ನಾಲ್ಕು ಆಟ ಮುಗಿಸಿದರೆ ಅದು ಲಾಭವೇ. ನನ್ನ ತಕರಾರು ಅವನ ಮೇಲಲ್ಲ. ನನ್ನ ನಿಮ್ಮಂಥವರ ಮೇಲೆ, ದುಡ್ಡಿದ್ದೂ ಸಮಯ ಇಲ್ಲದೆ, ಆಡುವ ಆಸೆಗೆ ತಿಂಗಳು ತಿಂಗಳು ದಂಡ ಕಟ್ಟುವವರ ಮೇಲೆ.

ಈಗ ಅಕ್ಕನ ಮಗ ಕೇಳಿದ ಪ್ರಶ್ನೆಗೆ ಬರ್ತೀನಿ. ಇವೆಲ್ಲ ನಿಂದಲ್ವಾ?

ನಮ್ಮೂರು ಇರೋದು ಸಾಗರದ ಕಡೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಸೀಮೆ. ನಮ್ಮಜ್ಜ ಒಂದೂವರೆ ಎಕರೆ ಗದ್ದೆಯನ್ನು ಗೇಣಿಗೆ ಮಾಡ್ತಿದ್ದರು. ಬೆಳೆ ಬರಲಿ ಬಿಡಲಿ, ಒಡೆಯರ ಅಂಗಳಕ್ಕೆ ಭತ್ತ ಅಳೆದು ಬರಬೇಕು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಡಿಕ್ಲರೇಶನ್ ಹಾಕಿ, ನ್ಯಾಯ ಮಂಡಳಿಗೆ ಅಲೆದು, ಪಹಣಿಯಲ್ಲಿ ತಮ್ಮ ಹೆಸರು ಬರೆಸಿಕೊಂಡರು. ಆ ಪಹಣಿ ಇದ್ದದ್ದಕ್ಕೇ ಅಪ್ಪನಿಗೆ ಬ್ಯಾಂಕಿನಲ್ಲಿ ಸಾಲ ಸಿಕ್ಕಿತು, ನನ್ನ ಬಿ.ಇ. ಫೀಸು ಕಟ್ಟಿದ್ದು. ಅಜ್ಜನ ಕಷ್ಟವನ್ನು ನನ್ನ ವೀಡಿಯೋ ಗೇಮಿಗೆ ಹೋಲಿಸೋದು ಅತಿಯಾಯ್ತು, ಗೊತ್ತು. ಗೇಣಿ ಕೊಡದಿದ್ದರೆ ಅವರಿಗೆ ಊಟ ಇರಲಿಲ್ಲ, ನನಗೆ ಆಟ ಇರಲ್ಲ ಅಷ್ಟೇ. ಆದರೆ ಅವರಿಂದ ಕಲಿತ ಒಂದು ಮಾತು ಇಲ್ಲೂ ನಿಲ್ಲುತ್ತೆ: ಎಷ್ಟು ವರ್ಷ ಕೊಟ್ಟರೂ ಗೇಣಿ ಕೊಟ್ಟವನಿಗೆ ಏನೂ ಜಮೆ ಆಗಲ್ಲ. ಹದಿಮೂರು ಸಾವಿರ ಕಟ್ಟಿದವನೂ ನಿನ್ನೆ ಸೇರಿದವನೂ ಚಂದಾ ನಿಂತ ದಿನ ಒಂದೇ.

ಇದನ್ನು ಅವರೂ ಮುಚ್ಚಿಡುತ್ತಿಲ್ಲ. ಆಟ ತಮ್ಮದಾಗಿರದೇ ಇರುವುದಕ್ಕೆ ಜನ ಒಗ್ಗಿಕೊಳ್ಳಬೇಕು, ಆಗ ಚಂದಾ ಬೆಳೆಯುತ್ತೆ ಅನ್ನೋ ಅರ್ಥದ ಮಾತನ್ನು ಯೂಬಿಸಾಫ್ಟಿನ ಚಂದಾ ವಿಭಾಗದ ಮುಖ್ಯಸ್ಥರೇ 2024ರ ಜನವರಿಯಲ್ಲಿ ಆಡಿದರು. ಅದಾಗಿ ಮೂರು ತಿಂಗಳು ಕಳೆಯೋದರೊಳಗೆ, ಮಾರ್ಚ್ 31ಕ್ಕೆ, ಅದೇ ಕಂಪನಿ 'ದ ಕ್ರೂ' ಅನ್ನೋ ಆಟದ ಸರ್ವರ್ ಆಫ್ ಮಾಡಿತು. ಅದು ಚಂದಾದ ಆಟವೂ ಅಲ್ಲ, ಪೂರ್ತಿ ದುಡ್ಡು ಕೊಟ್ಟು ಕೊಂಡವರ ಬಳಿಯೂ ಸತ್ತಿತು. 'ಆಟಗಳನ್ನು ಕೊಲ್ಲಬೇಡಿ' ಅನ್ನೋ ಚಳವಳಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದ್ದು ಇದಾದ ಮೇಲೆ. ಆನ್‌ಲೈನ್ ಅಂಗಡಿಯಲ್ಲಿ ಕೊಂಡರೂ ನಮಗೆ ಸಿಗೋದು ಲೈಸೆನ್ಸ್ ಮಾತ್ರ, ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಿ ಅಂತ 2025ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ಕಾನೂನೇ ಇದೆ. ಹಾಗಾಗಿ ಕೊಂಡುಬಿಟ್ಟರೆ ಎಲ್ಲಾ ಸರಿ ಅಂತಲೂ ನಾನು ಹೇಳ್ತಿಲ್ಲ. ಆದರೆ ಕೊಂಡ ಆಟಕ್ಕೆ ಪ್ರತಿ ತಿಂಗಳು ಮತ್ತೆ ಕಟ್ಟಬೇಕಾಗಿಲ್ಲ. ಅರ್ಧಕ್ಕೆ ಬಿಟ್ಟರೆ ಮುಂದಿನ ವರ್ಷದ ದಸರಾ ರಜೆಗೆ ಶುರು ಮಾಡಬಹುದು. ಡಿಸ್ಕ್ ಆದರೆ ಗೆಳೆಯನಿಗೆ ಕೊಡಬಹುದು, ಮಾರಬಹುದು.

ಹಾಗಾದ್ರೆ ಏನು ಮಾಡೋದು? ನಾನು ಮಾಡ್ತಿರೋದು ಹೇಳ್ತೀನಿ. ಒಂದು, ಆಟೋ ರಿನ್ಯೂವಲ್ ಆಫ್. ಆಡಲೇಬೇಕು ಅನ್ನಿಸುವ ದೊಡ್ಡ ಆಟ ಬಂದು, ವಾರ ರಜೆಯೂ ಇದ್ದರೆ ಒಂದು ತಿಂಗಳಿಗೆ ಸೇರ್ತೀನಿ, ಸೇರಿದ ದಿನವೇ ರದ್ದು ಮಾಡ್ತೀನಿ. ಒಂದು ತಿಂಗಳು ಹೇಗೂ ನಡೆಯುತ್ತೆ. ಎರಡು, ಚಂದಾಕ್ಕೆ ಹೋಗ್ತಿದ್ದ ದುಡ್ಡನ್ನು ಬೇರೆ ಇಟ್ಟು, ನಾಲ್ಕು ತಿಂಗಳಿಗೊಮ್ಮೆ ಸೇಲಿನಲ್ಲಿ ಒಂದು ಆಟ ಕೊಳ್ತೀನಿ. ಅದು ಮುಗಿಯೋ ತನಕ ಇನ್ನೊಂದು ಇಲ್ಲ. ಮೂರು, ಇಷ್ಟವಾದ ಸಣ್ಣ ಸ್ಟುಡಿಯೋದ ಆಟವನ್ನು ಚಂದಾದಲ್ಲಿ ಆಡಿದ್ದರೂ ಆಮೇಲೆ ಕೊಂಡುಕೊಳ್ತೀನಿ. ವೆಂಬಾ ಹಾಗೇ ಕೊಂಡಿದ್ದು. ಈ ವರ್ಷ ಮೂರು ಆಟ ಪೂರ್ತಿ ಮುಗಿಸಿದ್ದೀನಿ. ಖರ್ಚು ಮೂರು ಸಾವಿರದೊಳಗೆ.

ನೀವೂ ಇವತ್ತು ರಾತ್ರಿ ಒಂದು ಹತ್ತು ನಿಮಿಷ ಸ್ಟೇಟ್‌ಮೆಂಟ್ ತೆಗೆದು ನೋಡಿ. ಕಟ್ಟಿದ್ದು ಎಷ್ಟು, ಮುಗಿಸಿದ್ದು ಎಷ್ಟು, ಭಾಗಿಸಿ. ಬಂದ ಸಂಖ್ಯೆ ನೋಡಿ ನಿಮಗೆ ಸಮಾಧಾನ ಆದರೆ ಮುಂದುವರಿಸಿ, ನನ್ನದೇನೂ ಅಡ್ಡಿಯಿಲ್ಲ.

ಅಕ್ಕನ ಮಗನಿಗೆ ದೀಪಾವಳಿಗೆ ಹೋದಾಗ ಇನ್ನೂ ಎರಡು ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಟ್ಟು ಬಂದೆ. ಒಂದನ್ನು ಈಗಾಗಲೇ ಪಕ್ಕದ ಮನೆ ಹುಡುಗನಿಗೆ ಕೊಟ್ಟು ಅವನ ಹತ್ರ ಇದ್ದದ್ದನ್ನು ಇಸ್ಕೊಂಡಿದ್ದಾನಂತೆ. 'ವಾಪಸ್ ಕೊಡ್ತಾನೇನೋ?' ಅಂತ ಫೋನಿನಲ್ಲಿ ಕೇಳಿದೆ. 'ಕೊಡದಿದ್ರೆ ಅವಂದು ನನ್ನ ಹತ್ರ ಇದ್ಯಲ್ಲ ಮಾವ' ಅಂದ.