ಹಾಲು ಹಾಕಿದ ಹೊತ್ತು ಚೀಟಿಯಲ್ಲಿದೆ, ತಣ್ಣಗಾದ ಹೊತ್ತು ಎಲ್ಲಿದೆ?



ಡೇರಿಯಲ್ಲಿ ಹಾಲು ಹಾಕಿದ ಮೇಲೆ ಯಂತ್ರದಿಂದ ಬರುವ ಚೀಟಿಯಲ್ಲಿ ನಾವು ಲೀಟರ್, ಜಿಡ್ಡು, ಎಸ್‌ಎನ್‌ಎಫ್, ದರ ನೋಡುತ್ತೇವೆ. ಮೂಲೆಯಲ್ಲಿರುವ ಸಮಯವನ್ನು ಯಾರೂ ಓದುವುದಿಲ್ಲ. ನಮ್ಮ ಭಾಗದ ಬೇಸಿಗೆಯಲ್ಲಿ ಹಾಲು ಉಳಿಯುವುದೂ ಒಡೆಯುವುದೂ ಆ ಹೊತ್ತಿನ ಮೇಲೆಯೇ ನಿಂತಿದೆ.

ಕೆಚ್ಚಲಿನಿಂದ ಬರುವ ಹಾಲು ಸುಮಾರು 37-38 ಡಿಗ್ರಿ ಬಿಸಿ ಇರುತ್ತದೆ. ಕಲಬುರಗಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಹಾಗಾಗಿ ಹಾಲು ತಾನಾಗಿ ಆರುವ ಮಾತೇ ಇಲ್ಲ. ಬೆಚ್ಚಗಿನ ಹಾಲಿನಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ, 3 ಗಂಟೆಯಲ್ಲಿ ಒಂದು ಇದ್ದದ್ದು 64 ಆಗುತ್ತದೆ. 4 ಡಿಗ್ರಿಗೆ ಇಳಿಸಿದರೆ ಮಾತ್ರ ಅವುಗಳ ಓಟ ನಿಧಾನವಾಗುತ್ತದೆ.

ಹಾಲು ಒಡೆದು ವಾಪಸ್ ಬಂದ ದಿನ ಮೊದಲ ಮಾತು ಹಾಕಿದವಳ ಮೇಲೆಯೇ ಬರುತ್ತದೆ: "ಪಾತ್ರೆ ಸರಿಯಾಗಿ ತೊಳೆದಿಲ್ಲ." ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಕ್ಯಾನು ಬಿಸಿಲಲ್ಲಿ ಎಷ್ಟು ಹೊತ್ತು ಕಾಯಿತು, ಗಾಡಿ ಯಾವಾಗ ಬಂತು, ಕರೆಂಟ್ ಹೋಗಿ ಕೂಲರ್ ಎಷ್ಟು ಹೊತ್ತು ನಿಂತಿತ್ತು ಎಂಬ ಲೆಕ್ಕವಿಲ್ಲದೆ ತಪ್ಪು ಯಾರದೆಂದು ಹೇಳುವುದು ನ್ಯಾಯವಲ್ಲ. ಕಮಲಾಪುರದಿಂದ ಕಲಬುರಗಿಗೆ ಸುಮಾರು 35 ಕಿಲೋಮೀಟರ್. ದಾರಿ ಉದ್ದವಲ್ಲ, ಆದರೆ ಊರೂರಿಗೆ ನಿಲ್ಲುವ ಗಾಡಿಗೆ ಹೊತ್ತು ಹಿಡಿಯುತ್ತದೆ.

ಪ್ರಯೋಗಾಲಯದಲ್ಲಿ ಎಂಬಿಆರ್‌ಟಿ ಎಂಬ ಪರೀಕ್ಷೆಯಿದೆ. ಹಾಲಿಗೆ ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿ, ಬೆಚ್ಚಗಿಟ್ಟು, ಆ ನೀಲಿ ಮಾಯವಾಗಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುತ್ತಾರೆ. ಅರ್ಧ ಗಂಟೆಯೊಳಗೆ ಬೆಳ್ಳಗಾದರೆ ಹಾಲು ಕಳಪೆ, 5 ಗಂಟೆ ನೀಲಿ ನಿಂತರೆ ಬಲು ಉತ್ತಮ. ಶುರುವಾದ ಹೊತ್ತು, ಮುಗಿದ ಹೊತ್ತು ಎರಡೂ ಬರೆಯದೆ ಆ ಪರೀಕ್ಷೆಯೇ ಆಗದು. ಅದೇ ಶಿಸ್ತು ದಾರಿಯಲ್ಲೂ ಬೇಕು ಎಂಬುದು ನನ್ನ ವಾದ.

ಪ್ರತಿ ಸರದಿಗೆ ನಾಲ್ಕು ಸಮಯ ಕಂಪ್ಯೂಟರಿಗೆ ಹೋಗಲಿ: ಮೊದಲ ಸದಸ್ಯೆ ಹಾಲು ಹಾಕಿದ್ದು, ಕ್ಯಾನು ಗಾಡಿ ಏರಿದ್ದು, ಶೀತಲ ಕೇಂದ್ರ ಮುಟ್ಟಿದ್ದು, ಹಾಲು 4 ಡಿಗ್ರಿಗೆ ಇಳಿದದ್ದು. ಮೊದಲ ಸದಸ್ಯೆಯಿಂದಲೇ ಎಣಿಸಬೇಕು, ಏಕೆಂದರೆ 6 ಗಂಟೆಗೆ ಬಂದವಳ ಹಾಲು 7:30ಕ್ಕೆ ಬಂದವಳದ್ದಕ್ಕಿಂತ ಒಂದೂವರೆ ಗಂಟೆ ಹೆಚ್ಚು ಕಾದಿರುತ್ತದೆ.

ಲೆಕ್ಕದಲ್ಲಿ ಮೂರು ಎಚ್ಚರ ಬೇಕು. ಒಂದು, ಗಂಟೆಗೆ 60 ನಿಮಿಷ. 6:50ರಿಂದ 8:10ರವರೆಗೆ ಎಷ್ಟಾಯಿತೆಂದು ಅಂಕಿಗಳನ್ನು ನೇರವಾಗಿ ಕಳೆದರೆ 1.60 ಬರುತ್ತದೆ, ನಿಜವಾಗಿ ಆದದ್ದು 1 ಗಂಟೆ 20 ನಿಮಿಷ. ಎರಡು, ಸಮಯದ ಜೊತೆ ದಿನಾಂಕವೂ ಇರಬೇಕು. ಸಂಜೆ 6:30ಕ್ಕೆ ಹಾಕಿದ ಹಾಲು ಕರೆಂಟ್ ಹೋದ ಕಾರಣ ರಾತ್ರಿ 12:20ಕ್ಕೆ ತಣ್ಣಗಾಯಿತು ಎನ್ನಿ. ಕಂಪ್ಯೂಟರಿನಲ್ಲಿ ಅದು 18:30 ಮತ್ತು 00:20. ಬರೀ ಗಡಿಯಾರ ನೋಡಿ ಕಳೆದರೆ ಉತ್ತರ ಸೊನ್ನೆಗಿಂತ ಕಡಿಮೆ ಬರುತ್ತದೆ. ದಿನಾಂಕ ಸೇರಿದರೆ ಸರಿಯಾದ ಉತ್ತರ ಸಿಗುತ್ತದೆ: 5 ಗಂಟೆ 50 ನಿಮಿಷ. ಮೂರು, ಡೇರಿಯ ಯಂತ್ರದ ಗಡಿಯಾರವೂ ಕೇಂದ್ರದ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು. ಇನ್ನು "ಎರಡು ಗಂಟೆ ಆಯಿತು" ಎಂದು ಕೈಯಲ್ಲಿ ಬರೆಯುವುದು ಬೇಡ. ಎರಡೂ ಸಮಯ ಬರೆದರೆ ಸಾಕು, ಕಳೆಯುವ ಕೆಲಸ ಕಂಪ್ಯೂಟರಿನದು.

ಕಾರ್ಯದರ್ಶಿಗಳಿಗೆ ಕೆಲಸ ಹೆಚ್ಚಾಗುತ್ತದೆ, ಗಾಡಿ ಚಾಲಕರಿಗೆ ಕಾವಲು ಹಾಕಿದಂತಾಗುತ್ತದೆ ಎನ್ನುವವರಿದ್ದಾರೆ. ಕೆಲಸ ಸ್ವಲ್ಪ ಹೆಚ್ಚುವುದು ನಿಜ. ಆದರೆ ಈ ಲೆಕ್ಕ ಚಾಲಕರನ್ನೂ ಕಾಯುತ್ತದೆ. ಹತ್ತು ಊರು ಸುತ್ತುವ ಮಾರ್ಗವೇ ಉದ್ದವಾಗಿದ್ದರೆ, ಬದಲಾಗಬೇಕಾದ್ದು ಮಾರ್ಗ, ಚಾಲಕನಲ್ಲ ಎಂದು ತೋರಿಸುತ್ತದೆ.

ನಮ್ಮ ಪಾಲಿನ ಹೊತ್ತಿಗೆ ನಾವೂ ಉತ್ತರ ಕೊಡಬೇಕು. ಹಿಂಡಿದ ಹಾಲನ್ನು ಒಲೆಯ ಪಕ್ಕ ಇಟ್ಟು ಮನೆಗೆಲಸ ಮುಗಿಸಿ ಹೋಗುವ ರೂಢಿ ಬಿಡೋಣ. ಆಮೇಲೆ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳೋಣ: ನಿನ್ನೆ ನನ್ನ ಹಾಲು ತಣ್ಣಗಾಗಲು ಎಷ್ಟು ಹೊತ್ತು ಹಿಡಿಯಿತು? ಆ ಉತ್ತರ ಸಿಗುವವರೆಗೆ ಒಡೆದ ಹಾಲಿನ ನಷ್ಟವನ್ನು ಒಬ್ಬ ಹೆಣ್ಣುಮಗಳ ಲೆಕ್ಕಕ್ಕೆ ಬರೆಯಬಾರದು.