ಬಾಂಡ್ ಬಿಟ್ಟ ಮೇಲೆ

ಜೇಮ್ಸ್ ಬಾಂಡ್ ಚಿತ್ರಗಳ ಅಭಿಮಾನಿಗಳು ನಾಲ್ಕು ಜನ ಒಂದೆಡೆ ಸೇರಿದರೆ, ಆರು ಬಾಂಡ್‌ಗಳಲ್ಲಿ ಯಾರು ಮೇಲು ಎಂಬ ವಾದ ಮುಗಿಯುತ್ತಿದ್ದಂತೆ ಇನ್ನೊಂದು ಪ್ರಶ್ನೆ ಏಳುತ್ತದೆ. ಬಾಂಡ್ ಬಿಟ್ಟ ಮೇಲೆ ಇವರೆಲ್ಲ ಮಾಡಿದ್ದಾದರೂ ಏನು? ಜಾರ್ಜ್ ಲ್ಯಾಜೆನ್‌ಬಿ ಒಂದೇ ಚಿತ್ರಕ್ಕೆ ಕೈತೊಳೆದುಕೊಂಡು ಕೆಟ್ಟರು, ರೋಜರ್ ಮೂರ್ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ, ಪಿಯರ್ಸ್ ಬ್ರಾಸ್ನನ್ ‘ಮಮ್ಮಾ ಮಿಯಾ’ದಲ್ಲಿ ಹಾಡಲು ಹೋಗಿ ನಗೆಪಾಟಲಾದರು, ಶಾನ್ ಕಾನರಿ ಒಬ್ಬರೇ ಆಸ್ಕರ್ ಗೆದ್ದು ದಡ ಸೇರಿದರು. ತೀರ್ಪು ಹೊರಬೀಳುವುದು ಸಾಮಾನ್ಯವಾಗಿ ಹೀಗೆ. ಪ್ರಶ್ನೆಯೇನೋ ಕೇಳಬೇಕಾದದ್ದೇ. ಆದರೆ ಉತ್ತರ ಹುಡುಕುವಾಗ ಎಲ್ಲ ಹೊಣೆಯನ್ನೂ ನಟನ ತಲೆಗೇ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಜನಪ್ರಿಯ ಪಾತ್ರವೊಂದನ್ನು ಬಿಟ್ಟು ಹೊರಟ ನಟನ ಮುಂದಿನ ದಾರಿಯನ್ನು ಅವನಷ್ಟೇ ಅವನ ಪ್ರೇಕ್ಷಕರೂ ನಿರ್ಧರಿಸುತ್ತಾರೆ. ಇದಕ್ಕೆ ಕಾನರಿಯವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ.

1930ರಲ್ಲಿ ಎಡಿನ್‌ಬರೋದ ಬಡ ಕುಟುಂಬದಲ್ಲಿ ಹುಟ್ಟಿ, ಮನೆಮನೆಗೆ ಹಾಲು ಹಾಕಿ, ನೌಕಾಪಡೆಯಲ್ಲಿದ್ದು, ಶವಪೆಟ್ಟಿಗೆಗಳಿಗೆ ಪಾಲಿಶ್ ಹೊಡೆದು ಬಂದವರು ಕಾನರಿ. 1962ರ ‘ಡಾಕ್ಟರ್ ನೋ’ ಬರುವ ಮೊದಲು ಅವರ ಹೆಸರು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಬಾಂಡ್ ಅವರಿಗೆ ಎಲ್ಲವನ್ನೂ ಕೊಟ್ಟಿತು. ಕೊಟ್ಟದ್ದಕ್ಕೆ ತಕ್ಕ ಬೆಲೆಯನ್ನೂ ಕೇಳಿತು. ಆ ಪಾತ್ರಕ್ಕೆ ವಯಸ್ಸಾಗುವುದಿಲ್ಲ, ಅನುಮಾನ ಕಾಡುವುದಿಲ್ಲ, ಸೋಲಂತೂ ಇಲ್ಲವೇ ಇಲ್ಲ. ನಟ ಬದಲಾದರೂ ಪಾತ್ರ ನಿಲ್ಲುವುದಿಲ್ಲ, ಏಕೆಂದರೆ ಅದು ನಿರ್ಮಾಪಕರ ಆಸ್ತಿ. ಚಿಕ್ಕ ವಯಸ್ಸಿಗೇ ಕೂದಲು ಉದುರಲಾರಂಭಿಸಿದ್ದ ಕಾನರಿ ಬಾಂಡ್ ಆಗಿ ನಿಂತಾಗಲೆಲ್ಲ ತಲೆಗೆ ವಿಗ್ ಇಡಬೇಕಾಗಿತ್ತು. ಮೂವತ್ತರ ಆಸುಪಾಸಿನ ಗಂಡಸಿನ ಬೋಳು ತಲೆಯನ್ನೂ ಒಪ್ಪದ ಪಾತ್ರವದು.

ಆದರೂ ಬೇರೆ ಬಗೆಯ ಪಾತ್ರಕ್ಕಾಗಿ ಅವರು ಬಾಂಡ್ ಬಿಡುವವರೆಗೆ ಕಾಯಲಿಲ್ಲ. 1965ರಲ್ಲಿ, ಬಾಂಡ್ ಚಿತ್ರ ‘ಥಂಡರ್‌ಬಾಲ್’ ಬಂದ ವರ್ಷವೇ, ಸಿಡ್ನಿ ಲ್ಯೂಮೆಟ್ ನಿರ್ದೇಶನದ ‘ದಿ ಹಿಲ್’ ಬಂತು. ಕಪ್ಪು ಬಿಳುಪಿನ ಚಿತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಉತ್ತರ ಆಫ್ರಿಕಾದ ಮರುಭೂಮಿಯಲ್ಲಿದ್ದ ಬ್ರಿಟಿಷ್ ಸೇನಾ ಜೈಲು, ಅದರ ಅಂಗಳದ ನಡುವೆ ಕೈದಿಗಳನ್ನು ದಂಡಿಸಲೆಂದೇ ಎಬ್ಬಿಸಿದ ಮರಳಿನ ಗುಡ್ಡ. ಉರಿಬಿಸಿಲಿನಲ್ಲಿ ಅದನ್ನು ಹತ್ತಿ ಇಳಿದು ಮತ್ತೆ ಹತ್ತುವ ಕೈದಿಗಳಲ್ಲಿ ಒಬ್ಬ ಕಾನರಿ. ಹಾಡಿಲ್ಲ, ಹೆಣ್ಣಿಲ್ಲ, ಗೆಲುವೂ ಇಲ್ಲ. ‘ಥಂಡರ್‌ಬಾಲ್’ಗೆ ಮುಗಿಬಿದ್ದವರಲ್ಲಿ ಬಹುಪಾಲು ಜನ ಇತ್ತ ತಲೆಹಾಕಲಿಲ್ಲ.

ನನ್ನ ವಾದದ ತಿರುಳಿರುವುದು ಮುಂದಿನ ಕಥೆಯಲ್ಲಿ. 1967ರ ನಂತರ ಬಾಂಡ್ ಬೇಡವೆಂದಿದ್ದ ಕಾನರಿಯವರನ್ನು ‘ಡೈಮಂಡ್ಸ್ ಆರ್ ಫಾರೆವರ್’ ಚಿತ್ರಕ್ಕೆ ಕರೆತರಲು ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆ ಹನ್ನೆರಡೂವರೆ ಲಕ್ಷ ಡಾಲರ್ ಸಂಭಾವನೆ ಕೊಟ್ಟಿತು. ಆ ಹಣದಿಂದ ಅವರು ಸ್ಕಾಟ್ಲೆಂಡಿನ ಯುವಜನರ ಕಲಿಕೆಗೆ ನೆರವಾಗುವ ಟ್ರಸ್ಟ್ ಕಟ್ಟಿದರು. ಒಪ್ಪಂದದ ಇನ್ನೊಂದು ಭಾಗ ಅವರಿಗೆ ಹಣಕ್ಕಿಂತ ದೊಡ್ಡದಾಗಿತ್ತೆಂದು ನನ್ನ ನಂಬಿಕೆ. ಅವರೇ ಆರಿಸಿಕೊಂಡ ಎರಡು ಸಣ್ಣ ಬಜೆಟ್ಟಿನ ಚಿತ್ರಗಳಿಗೆ ಸಂಸ್ಥೆ ಬಂಡವಾಳ ಹೂಡಬೇಕು. ಒಂದು ಬಾಂಡ್ ಚಿತ್ರ ಮಾಡಿಕೊಟ್ಟು ತನಗೆ ಬೇಕಾದ ಎರಡು ಚಿತ್ರ ಪಡೆಯುವ ಲೆಕ್ಕಾಚಾರ.

ಮೊದಲನೆಯದು 1973ರ ‘ದಿ ಅಫೆನ್ಸ್’. ಮತ್ತೆ ಲ್ಯೂಮೆಟ್ ನಿರ್ದೇಶನ. ಇಪ್ಪತ್ತು ವರ್ಷ ಕೊಲೆ, ಅತ್ಯಾಚಾರಗಳನ್ನೇ ನೋಡಿ ಒಳಗಿಂದೊಳಗೆ ಕೊಳೆತುಹೋದ ಸಾರ್ಜೆಂಟ್ ಜಾನ್ಸನ್ ಎಂಬ ಪೊಲೀಸನ ಕಥೆ. ಪುಟ್ಟ ಹುಡುಗಿಯರ ಮೇಲೆ ದೌರ್ಜನ್ಯ ನಡೆಸಿದವನೆಂಬ ಶಂಕೆಯ ಮೇಲೆ ಹಿಡಿದು ತಂದ ಬ್ಯಾಕ್ಸ್‌ಟರ್‌ನನ್ನು ಅವನು ವಿಚಾರಣೆಯ ಕೋಣೆಯಲ್ಲೇ ಸಾಯುವಂತೆ ಹೊಡೆಯುತ್ತಾನೆ. ಆ ರಾತ್ರಿ ಮನೆಗೆ ಬರುತ್ತಾನೆ. ಮನಸ್ಸಿನಲ್ಲಿರುವುದನ್ನು ಹೇಳಿಬಿಡಿ ಎಂದು ಹೆಂಡತಿ ಅಂಗಲಾಚುತ್ತಾಳೆ. ವರ್ಷಗಳಿಂದ ಕಂಡ ಹೆಣಗಳನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಅವಳಿಂದ ತಡೆದುಕೊಳ್ಳಲಾಗದೆ ಹೋದಾಗ ಅವಳ ಮೇಲೆಯೇ ಹರಿಹಾಯುತ್ತಾನೆ. ಕೊನೆಯಲ್ಲಿ ಆ ಕೋಣೆಯಲ್ಲಿ ನಿಜವಾಗಿ ನಡೆದದ್ದೇನೆಂದು ಚಿತ್ರ ತೋರಿಸುತ್ತದೆ. ಇಯಾನ್ ಬ್ಯಾನನ್ ನಟಿಸಿರುವ ಬ್ಯಾಕ್ಸ್‌ಟರ್ ಈ ಪೊಲೀಸನ ತಲೆಯೊಳಗೆ ಓಡುತ್ತಿರುವುದನ್ನು ಓದಿಬಿಟ್ಟಿದ್ದಾನೆ. ತಾನು ಬೇಟೆಯಾಡುವವರ ಆಲೋಚನೆಗಳೇ ತನ್ನೊಳಗೂ ಇವೆ ಎಂದು ತಿಳಿದ ಗಳಿಗೆಯಲ್ಲಿ ಜಾನ್ಸನ್ ಅದೇ ಆರೋಪಿಯ ಕೈಹಿಡಿದು ನೆರವಿಗಾಗಿ ಬೇಡುತ್ತಾನೆ. ಬಾಂಡ್ ಆಗಿದ್ದ ಆ ಎತ್ತರದ, ಅಗಲ ಭುಜದ ದೇಹ ಹಾಗೆ ಕುಸಿಯುವುದನ್ನು ನೋಡಿದವರು ಅದನ್ನು ಮರೆಯಲಾರರು. ಅವರ ಚಿತ್ರಗಳಲ್ಲೆಲ್ಲ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

ಚಿತ್ರ ನೆಲಕಚ್ಚಿತು. ಫ್ರಾನ್ಸಿನಲ್ಲಿ 2007ರವರೆಗೆ ತೆರೆಯನ್ನೇ ಕಾಣಲಿಲ್ಲ. ಒಪ್ಪಂದದ ಎರಡನೆಯ ಚಿತ್ರ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಗಬೇಕೆಂಬುದು ಕಾನರಿಯವರ ಆಸೆಯಾಗಿತ್ತು. ನಿರ್ದೇಶಕ ಪೊಲಾನ್ಸ್ಕಿಯವರ ‘ಮ್ಯಾಕ್‌ಬೆತ್’ ಆಗಷ್ಟೇ ಬಂದುಹೋಗಿದ್ದೂ ಅಡ್ಡಿಯಾಯಿತು, ಆದರೆ ‘ದಿ ಅಫೆನ್ಸ್’ ಹಣ ತಂದಿದ್ದರೆ ಆ ಮಾತು ಅಷ್ಟು ಬೇಗ ಮುಚ್ಚಿಹೋಗುತ್ತಿರಲಿಲ್ಲ. ಸ್ಕಾಟ್ಲೆಂಡಿನ ನಟನೊಬ್ಬ ತನ್ನ ಶಕ್ತಿಯ ಉತ್ತುಂಗದಲ್ಲಿ ಸ್ಕಾಟ್ಲೆಂಡಿನ ರಾಜನಾಗಿ ನಿಲ್ಲಬಹುದಾಗಿದ್ದ ಚಿತ್ರ ನಮ್ಮ ಪಾಲಿಗೆ ಇಲ್ಲವಾಯಿತು. ಮುಂದೆ ಕಾನರಿ ನಟಿಸಿದ ‘ಝಾರ್ಡಾಜ್’ ಬಂದಾಗ ಇದೇನು ಗತಿ ಎಂದು ಹಣೆ ಚಚ್ಚಿಕೊಂಡ ಅಭಿಮಾನಿಗಳು, ಹಿಂದಿನ ವರ್ಷ ‘ದಿ ಅಫೆನ್ಸ್’ಗೆ ಖಾಲಿ ಬಿದ್ದಿದ್ದ ಕುರ್ಚಿಗಳನ್ನೂ ನೆನೆಯಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಪ್ರೇಕ್ಷಕ ದುಡ್ಡು ಕೊಟ್ಟು ಬರುವವನು, ಬೇಡದ್ದನ್ನು ನೋಡಲೇಬೇಕೆಂಬ ಹಂಗು ಅವನಿಗೇನಿದೆ? ಸಾಮಾನ್ಯ ಪ್ರೇಕ್ಷಕನಿಗೆ ಖಂಡಿತ ಇಲ್ಲ. ದುಡಿದು ದಣಿದು ಎರಡು ಗಂಟೆ ಮೈಮರೆಯಲು ಬಂದವನನ್ನು ವಿಚಾರಣೆಯ ಕೋಣೆಗೆ ನೂಕುವುದು ನ್ಯಾಯವಲ್ಲ. ಅಭಿಮಾನಿಯ ಮಾತು ಬೇರೆ. ಆತ ನಟನೊಂದಿಗೆ ನಂಟು ಹೇಳಿಕೊಳ್ಳುತ್ತಾನೆ, ಅವನ ಇಡೀ ವೃತ್ತಿಯ ಬಗ್ಗೆ ತೀರ್ಪು ಕೊಡುವ ಹಕ್ಕು ತನಗಿದೆ ಎನ್ನುತ್ತಾನೆ. ಆ ಹಕ್ಕಿನ ಜೊತೆಗೆ, ನಟ ಹೊಸ ಹಾದಿ ಹಿಡಿದಾಗ ಒಮ್ಮೆಯಾದರೂ ಹೋಗಿ ನೋಡುವ ಕರ್ತವ್ಯವೂ ಬರುತ್ತದೆ. ನೋಡಿ ಹಿಡಿಸದಿದ್ದರೆ ಬೈಯಲಿ.

1975ರಲ್ಲಿ ಕಿಪ್ಲಿಂಗ್ ಕಥೆಯನ್ನು ಆಧರಿಸಿ ಜಾನ್ ಹ್ಯೂಸ್ಟನ್ ತೆಗೆದ ‘ದಿ ಮ್ಯಾನ್ ಹೂ ವುಡ್ ಬಿ ಕಿಂಗ್’ ಈ ಸಂಬಂಧವನ್ನೇ ಕಣ್ಣಮುಂದೆ ಇಡುತ್ತದೆ. ಕಾನರಿಯ ಡೇನಿಯಲ್ ಡ್ರಾವೆಟ್‌ನನ್ನು ಕಾಫಿರಿಸ್ತಾನದ ಜನ ದೇವರೆಂದು ನಂಬುತ್ತಾರೆ. ಮದುವೆಯ ಹೊತ್ತಿನಲ್ಲಿ ಹೆದರಿದ ವಧು ಅವನ ಕೆನ್ನೆ ಕಚ್ಚುತ್ತಾಳೆ. ರಕ್ತ ಜಿನುಗುತ್ತದೆ. ದೇವರಿಗೆ ರಕ್ತ ಬರುವುದುಂಟೇ ಎಂದು ಅದೇ ಜನ ತಿರುಗಿಬೀಳುತ್ತಾರೆ. ಕೆನ್ನೆ ಮುಟ್ಟಿ, ಬೆರಳಿಗಂಟಿದ ಕೆಂಪು ಕಂಡಾಗಿನ ಕಾನರಿಯ ಮುಖವನ್ನು ಗಮನಿಸಿ ನೋಡಿ. ಬಾಂಡ್ ಬಿಟ್ಟು ನಾಲ್ಕೇ ವರ್ಷಕ್ಕೆ ಈ ಪಾತ್ರ ಒಪ್ಪಿಕೊಂಡವರಿಗೆ ತಾರೆಯ ಬದುಕಿನ ಕಷ್ಟ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಟನ ತಪ್ಪುಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಐರಿಷ್ ಪೊಲೀಸನಾಗಲಿ ಸೋವಿಯತ್ ಜಲಾಂತರ್ಗಾಮಿಯ ಕ್ಯಾಪ್ಟನ್ ಆಗಲಿ, ಕಾನರಿಯ ನಾಲಿಗೆ ಸ್ಕಾಟ್ಲೆಂಡ್ ಬಿಟ್ಟು ಕದಲಲಿಲ್ಲ. ಅದು ನಿಜವಾದ ಮಿತಿ. 1983ರಲ್ಲಿ ‘ನೆವರ್ ಸೇ ನೆವರ್ ಅಗೇನ್’ಗಾಗಿ ಬಾಂಡ್ ಆಗಿ ಮರಳಿದ್ದು ಬೇಕಿರಲಿಲ್ಲ. 1998ರ ‘ದಿ ಅವೆಂಜರ್ಸ್’ ನೋಡಲಾಗದ ಚಿತ್ರ. ಆಸ್ಕರ್ ತಂದುಕೊಟ್ಟ ‘ದಿ ಅನ್‌ಟಚಬಲ್ಸ್’ ಚಿತ್ರದ ಮಲೋನ್ ಒಳ್ಳೆಯ ಪಾತ್ರವೇ. ಆದರೆ ಗಮನಿಸಿ, ಮಲೋನ್ ನರೆತಿದ್ದಾನೆಯೇ ಹೊರತು ಅಧೀರನಲ್ಲ. ಗುಂಡು ತಿಂದು ತೆವಳುತ್ತ ಸಾಯುವಾಗಲೂ ವೀರನೇ. ಒಳಗೆ ಕೊಳೆತ ಜಾನ್ಸನ್‌ನನ್ನು ದೂರವಿಟ್ಟ ಜನ ಈ ಮುದುಕನನ್ನು ಅಪ್ಪಿಕೊಂಡರು. ಮುಂದೆ ಕಾನರಿಗೆ ಸಿಕ್ಕ ಪಾತ್ರಗಳಲ್ಲಿ ಹೆಚ್ಚಿನವು ಇದೇ ಅಚ್ಚಿನವಾದದ್ದು ಆಕಸ್ಮಿಕವಲ್ಲ.

ಪ್ರೇಕ್ಷಕರ ರೂಢಿ ಬೇರೆಯಾಗಿದ್ದರೆ ಏನಾಗಬಹುದೆಂಬುದಕ್ಕೆ ಕನ್ನಡದಲ್ಲೇ ಪುರಾವೆಯಿದೆ. ಬಾಂಡ್ ಚಿತ್ರಗಳ ಪ್ರಭಾವದಲ್ಲೇ ಹುಟ್ಟಿದ ‘ಜೇಡರ ಬಲೆ’ 1968ರಲ್ಲಿ ಬಂತು. ಸಿ.ಐ.ಡಿ. 999 ಆಗಿ ರಾಜಕುಮಾರ್, ನಿರ್ದೇಶಕರು ದೊರೈ-ಭಗವಾನ್. ಹಿಂದೆಯೇ ಗೋವಾ, ಜಾಕ್‌ಪಾಟ್ ಎಂದು ಇನ್ನೆರಡು ಬಂದವು. 1971ರಲ್ಲಿ ಅದೇ ನಿರ್ದೇಶಕರು, ಅದೇ ನಾಯಕ ‘ಕಸ್ತೂರಿ ನಿವಾಸ’ ಮಾಡಿದರು. ಕೊಟ್ಟು ಕೊಟ್ಟು ಬರಿಗೈಯಾಗಿ, ಕೊನೆಗುಳಿದ ಪಾರಿವಾಳವನ್ನೂ ಕಳೆದುಕೊಂಡು ಸಾಯುವ ನಾಯಕನ ಕಥೆಯದು. ಪಿಸ್ತೂಲು ಹಿಡಿದವನು ಹೀಗೇಕಾದ ಎಂದು ಜನ ಕೇಳಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಿಂದ ಅವರನ್ನು ನೋಡುತ್ತ ಬಂದವರಿಗೆ, 1965ರಲ್ಲಿ ಸತ್ಯಹರಿಶ್ಚಂದ್ರನಾಗಿ ಅವರು ಎಲ್ಲವನ್ನೂ ಕಳೆದುಕೊಂಡದ್ದನ್ನು ಕಂಡವರಿಗೆ, ಗೂಢಚಾರ ಹಲವು ವೇಷಗಳಲ್ಲಿ ಒಂದಾಗಿದ್ದ. 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ಗಾಗಿ ಅದೇ ವೇಷ ಮತ್ತೆ ಹಾಕಿ ಕಳಚಿದರು. ಕಾನರಿಗೆ ಈ ಅನುಕೂಲವಿರಲಿಲ್ಲ. ಲೋಕ ಅವರನ್ನು ಮೊದಲು ಕಂಡದ್ದೇ ಬಾಂಡ್ ಆಗಿ.

ಉಳಿದವರ ಬಗೆಗಿನ ತೀರ್ಪುಗಳನ್ನೂ ತಿದ್ದಿಕೊಳ್ಳಬೇಕು. 1991ರಿಂದ ಯುನಿಸೆಫ್ ರಾಯಭಾರಿಯಾಗಿ ಮಕ್ಕಳಿಗಾಗಿ ಊರೂರು ಸುತ್ತಿದ ಮೂರ್ ಅವರನ್ನು ಸೋತವರ ಪಟ್ಟಿಗೆ ಸೇರಿಸುವುದು ಅನ್ಯಾಯ. ಬ್ರಾಸ್ನನ್ ಎಂದರೆ ಹಾಡಿದ್ದನ್ನೇ ನೆನೆಯುವವರು ‘ದಿ ಮೆಟಾಡರ್’ನಲ್ಲಿ ನರಗಳು ಕೈಕೊಟ್ಟ ಬಾಡಿಗೆ ಹಂತಕನಾಗಿ ಅವರು ಮಾಡಿದ್ದನ್ನು ನೋಡಿಲ್ಲ. ಡೇನಿಯಲ್ ಕ್ರೇಗ್ 2024ರ ‘ಕ್ವೀರ್’ನಲ್ಲಿ ಕುಡಿತ ಮತ್ತು ಒಂಟಿತನದಲ್ಲಿ ಬೇಯುವ, ತರುಣನೊಬ್ಬನ ಪ್ರೀತಿಗೆ ಹಂಬಲಿಸುವ ಮಧ್ಯವಯಸ್ಕನಾಗಿದ್ದಾರೆ. ಐವತ್ತು ವರ್ಷದ ಹಿಂದೆ ಕಾನರಿ ಎಸೆದಂಥದ್ದೇ ಸವಾಲನ್ನು ಅವರು ಈಗ ಅಭಿಮಾನಿಗಳ ಮುಂದೆ ಇಟ್ಟಿದ್ದಾರೆ.

ಕಾನರಿ 2020ರ ಅಕ್ಟೋಬರ್ 31ರಂದು ತೀರಿಕೊಂಡರು. ಅವರನ್ನು ಮೆಚ್ಚುವವರಲ್ಲಿ ನನ್ನದೊಂದು ಕೋರಿಕೆ. ‘ಗೋಲ್ಡ್‌ಫಿಂಗರ್’ ಅನ್ನು ಮತ್ತೊಮ್ಮೆ ಹಾಕುವ ಮೊದಲು ‘ದಿ ಅಫೆನ್ಸ್’ ನೋಡಿ. ಬಾಂಡ್ ಬಿಟ್ಟ ಮೇಲೆ ಅವರೇನು ಮಾಡಿದರೆಂಬ ಚರ್ಚೆ ಆಮೇಲೆ ನಡೆಯಲಿ.