ಬೆಂಗಳೂರಿನ ಕರಡು, ಕಾನಹೊಸಹಳ್ಳಿಯ ಚರಂಡಿ

ಕಾನಹೊಸಹಳ್ಳಿಯಂಥ ಹೋಬಳಿ ಕೇಂದ್ರದಲ್ಲಿ ನೆರೆಹೊರೆಯವರು ಜಗಳಕ್ಕೆ ನಿಲ್ಲುವುದು ದೊಡ್ಡ ಕಾನೂನುಗಳ ಮೇಲಲ್ಲ. ಒಬ್ಬರ ಬಚ್ಚಲ ನೀರು ಇನ್ನೊಬ್ಬರ ಬಾಗಿಲಿಗೆ ಹರಿಯುತ್ತದೆ, ಅಂಗಡಿಯ ತಗಡು ಚರಂಡಿಯ ಮೇಲೆ ಚಾಚಿಕೊಳ್ಳುತ್ತದೆ, ಹೆದ್ದಾರಿ ಬದಿಯ ತಳ್ಳುಗಾಡಿ ಎಲ್ಲಿ ನಿಲ್ಲಬೇಕೆಂಬುದು ತೀರ್ಮಾನವಾಗುವುದೇ ಇಲ್ಲ, ಕೋಳಿ ಅಂಗಡಿಯ ಕಸ ಯಾರ ಪಾಲಿನದೆಂದು ಯಾರಿಗೂ ಗೊತ್ತಿರುವುದಿಲ್ಲ. ಇಂಥವನ್ನು ಬಗೆಹರಿಸಲಿಕ್ಕೆಂದೇ ಸ್ಥಳೀಯ ಸಂಸ್ಥೆಗಳಿಗೆ ಉಪವಿಧಿ ಮಾಡುವ ಅಧಿಕಾರ ಕೊಟ್ಟಿದೆ. ಜನ ಇದನ್ನು ಬೈಲಾ ಎನ್ನುತ್ತಾರೆ. ಮೇಲಿನ ಆಡಳಿತದ ಗಡಿಗಳು ಬೇಕಾದಷ್ಟು ಸಲ ಬದಲಾಗಿವೆ. ಹರಪನಹಳ್ಳಿ ತಾಲ್ಲೂಕೊಂದೇ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿನ ಚರಂಡಿಗಳಿಗೆ ಇದರ ಸುದ್ದಿ ಮುಟ್ಟಿರಲಾರದು. ಬೀದಿಯ ಬದುಕನ್ನು ನಿಜವಾಗಿ ಮುಟ್ಟಬಲ್ಲ ಕಾನೂನು ಉಪವಿಧಿಯೇ. ಆದರೂ ನಮ್ಮ ಎಲ್ಲ ಕಾನೂನುಗಳಲ್ಲಿ ಅತಿ ದುರ್ಬಲವಾದದ್ದು ಅದೇ. ದಂಡ ಕಡಿಮೆ, ಸಿಬ್ಬಂದಿ ಸಾಲದು ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಮೂಲ ಕಾರಣ ಬೇರೆಯಿದೆ: ಅದನ್ನು ಪಾಲಿಸಬೇಕಾದವರು ಅದನ್ನು ಮಾಡಿದವರಲ್ಲ.

ಸಂವಿಧಾನದ 73ನೇ ತಿದ್ದುಪಡಿ, ಅದರ ಬೆನ್ನಿಗೇ ಬಂದ ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ, ಇವೆರಡೂ ಪಂಚಾಯಿತಿಯನ್ನು ಊರಿನ ಸರ್ಕಾರ ಎಂದೇ ಕಂಡವು. ರೂಢಿಯಲ್ಲಿ ನಡೆಯುವುದು ಬೇರೆ. ರಾಜಧಾನಿಯಲ್ಲಿ ಒಂದು ಮಾದರಿ ಉಪವಿಧಿ ತಯಾರಾಗುತ್ತದೆ. ಬಿಟ್ಟ ಸ್ಥಳದಲ್ಲಿ ಪಂಚಾಯಿತಿಯ ಹೆಸರು ತುಂಬಿ ಠರಾವು ಮಾಡಿದರೆ ಕೆಲಸ ಮುಗಿಯಿತು. 2016ರ ಘನತ್ಯಾಜ್ಯ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಉಪವಿಧಿ ಮಾಡಲು ಒಂದು ವರ್ಷದ ಗಡುವು ಕೊಟ್ಟಿದ್ದವು. ಗಡುವು ಕುತ್ತಿಗೆಗೆ ಬಂದಾಗ ನಕಲು ಮಾಡುವುದೇ ಜಾಣತನವಾಗುತ್ತದೆ. ಮಾದರಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಊರಿನ ಪರಿಚಯವಿಲ್ಲ, ಅಷ್ಟೆ. ಕಾನಹೊಸಹಳ್ಳಿ ಇರುವ ಕೂಡ್ಲಿಗಿ ತಾಲ್ಲೂಕು ಮಳೆ ನಂಬಿದ ಶೇಂಗಾ, ರಾಗಿ, ಜೋಳದ ಸೀಮೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಳೆ ಹೋಗುತ್ತವೆ, ಮನೆಗಳಿಗೆ ತಿಂಗಳುಗಟ್ಟಲೆ ಬೀಗ. ಆ ಬೀಗದ ಮನೆಗೂ ತಿಂಗಳ ಕಸದ ಶುಲ್ಕವೇ? ದನ ಕಟ್ಟಿದ ಮನೆಯ ಹಸಿ ಕಸ ದನಕ್ಕೋ ತಿಪ್ಪೆಗೋ ಸೇರುತ್ತದೆ, ತಿಪ್ಪೆಯಿಂದ ಹೊಲಕ್ಕೆ. ಅಲ್ಲಿ ಉಳಿಯುವುದು ಪ್ಲಾಸ್ಟಿಕ್ ಮಾತ್ರ. ಹೆದ್ದಾರಿಯ ಹೋಟೆಲಿನ ಲೆಕ್ಕವೇ ಬೇರೆ. ಇಬ್ಬರಿಗೂ ಒಂದೇ ಅಳತೆ ಹಿಡಿದ ನಿಯಮವನ್ನು ರೈತ ಅನ್ಯಾಯ ಎಂದುಕೊಳ್ಳುತ್ತಾನೆ, ಹೋಟೆಲಿನವನು ಅಗ್ಗ ಎಂದುಕೊಳ್ಳುತ್ತಾನೆ.

ನಮ್ಮ ಜನ ನಿಯಮಕ್ಕೆ ಬಗ್ಗುವವರಲ್ಲ ಎಂಬ ಮಾತನ್ನು ಅಧಿಕಾರಿಗಳು ಆಗಾಗ ಆಡುವುದುಂಟು. ಹೊರಬೀಡನ್ನು ನೋಡಿದವರು ಇದನ್ನು ಒಪ್ಪುವುದಿಲ್ಲ. ಮಳೆ ಹೋದಾಗಲೋ ರೋಗರುಜಿನ ಬಂದಾಗಲೋ ಈ ಸೀಮೆಯ ಹಳ್ಳಿಗಳಲ್ಲಿ ದೈವಸ್ಥರು, ಅಂದರೆ ಊರ ಹಿರಿಯರು, ಕೂಡಿ ಹೊರಬೀಡಿನ ದಿನ ಗೊತ್ತುಮಾಡುತ್ತಾರೆ, ಡಂಗುರ ಸಾರಿಸುತ್ತಾರೆ. ಆ ದಿನ ಇಡೀ ಊರು ಮನೆಗೆ ಬೀಗ ಹಾಕಿ ಹೊಲ ತೋಪುಗಳಲ್ಲಿ ಅಡುಗೆ ಮಾಡಿಕೊಂಡು ಸಂಜೆಗೆ ಮರಳುತ್ತದೆ. ಪೊಲೀಸರಿಲ್ಲ, ನೋಟಿಸಿಲ್ಲ. ಊರದೇವಿಯ ಭಯವೇ ಕಾರಣ ಎಂದು ತಳ್ಳಿಹಾಕಬಹುದು, ಆದರೆ ಅದು ಅರ್ಧ ವಿವರಣೆ. ತೀರ್ಮಾನ ಎಲ್ಲರ ಕಿವಿಗೆ ಬಿದ್ದಿರುತ್ತದೆ, ಗೌಡನ ಮನೆಗೂ ಕೂಲಿಯವನ ಮನೆಗೂ ಒಂದೇ ಬೀಗ ಬೀಳುತ್ತದೆ. ನಿಯಮ ಬಲವಾಗಲು ಈ ಎರಡು ಸಂಗತಿಗಳೇ ಬಹಳ.

ಹಾಗೆಂದು ಹಳೆಯ ಕಟ್ಟುಪಾಡುಗಳನ್ನೇ ಕೊಂಡಾಡಿ ಕೂತರೆ ದೊಡ್ಡ ತಪ್ಪಾಗುತ್ತದೆ. ದೈವಸ್ಥರ ಕಟ್ಟೆಯ ಮೇಲೆ ಹೆಂಗಸರಿಗೆ ಜಾಗವಿರಲಿಲ್ಲ, ಕೇರಿಯವರಿಗಂತೂ ಇಲ್ಲವೇ ಇಲ್ಲ. ಮುಟ್ಟಾದವಳನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗಿಟ್ಟ ಗೊಲ್ಲರಹಟ್ಟಿಗಳ ಪದ್ಧತಿ ಕೂಡ ಒಂದು ಊರ ನಿಯಮವೇ. ಅದನ್ನು ಅಪರಾಧವೆಂದು ಹೇಳಲು 2017ರ ರಾಜ್ಯ ಕಾಯ್ದೆಯೇ ಬರಬೇಕಾಯಿತು. ಬಾಯಿಮಾತಿನ ಕಟ್ಟುಪಾಡಿನ ಮೇಲೆ ಮೇಲ್ಮನವಿ ಹಾಕಲಾಗುವುದಿಲ್ಲ. ಬರೆದ ಉಪವಿಧಿಯ ಹಿರಿಮೆ ಇರುವುದು ಇಲ್ಲಿ. ಅದು ಮೇಲಿನ ಕಾನೂನಿಗೆ ವಿರುದ್ಧವಾದರೆ ಬಿದ್ದುಹೋಗುತ್ತದೆ, ಒಬ್ಬಳೇ ಹೆಣ್ಣುಮಗಳು ಅದನ್ನು ಕೈಯಲ್ಲಿ ಹಿಡಿದು ಪ್ರಶ್ನಿಸಬಹುದು. ಊರಿಗೆ ಅಧಿಕಾರ ಕೊಟ್ಟರೆ ಬಲಿಷ್ಠ ಜಾತಿಯೇ ನಿಯಮ ಬರೆಯುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಇಂದಿನ ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು, ಪರಿಶಿಷ್ಟರಿಗೂ ಮೀಸಲು ಸ್ಥಾನಗಳಿವೆ. ಹಳೆಯ ಕಟ್ಟೆಗೆ ಇಲ್ಲದ ಈ ಬೇಲಿ ಇರುವಾಗ, ಬಲಿಷ್ಠರ ಭಯಕ್ಕೆ ಊರಿನ ಬಾಯಿಯನ್ನೇ ಮುಚ್ಚಿಸುವುದು ಸರಿಯಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ವ್ಯಾವಹಾರಿಕ: ಗ್ರಾಮಸಭೆಗೆ ಜನವೇ ಬರುವುದಿಲ್ಲ, ಬಂದವರು ಮನೆ ಪಟ್ಟಿಯಲ್ಲಿ ಹೆಸರಿದೆಯೇ ನೋಡಿಕೊಂಡು ಎದ್ದುಹೋಗುತ್ತಾರೆ. ನಿಜ. ತೀರ್ಮಾನವೆಲ್ಲ ಮೇಲೆ ಆಗಿರುವಾಗ ಜನ ಫಲಾನುಭವಿಗಳಾಗಿ ಬರದೆ ಇನ್ನೇನಾಗಿ ಬರಬೇಕು? ತಳ್ಳುಗಾಡಿಯ ಜಾಗ, ಸಂತೆಯ ಸುಂಕ, ಕಸದ ಶುಲ್ಕ ವಾರ್ಡ್ ಸಭೆಯಲ್ಲೇ ಗೊತ್ತಾಗುವುದಾದರೆ ತರಕಾರಿ ಮಾರುವವರು ಕರೆಯದೆಯೂ ಬಂದಾರು. ಸದಸ್ಯರ ಕಷ್ಟವೂ ಇದರಿಂದ ಹಗುರಾಗುತ್ತದೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಎಂದರೆ ದಂಡ ತೆರಬೇಕಾದವನು ಬೀಗನೋ ಓಟು ಹಾಕಿದವನೋ ಆಗಿರುತ್ತಾನೆ; ಅವನಿಗೆ ರಸೀದಿ ಹರಿಯುವ ಧೈರ್ಯ ಯಾರಿಗಿದೆ? ‘ನಾನು ಮಾಡಿದ್ದಲ್ಲಪ್ಪಾ, ನೀನೂ ಕೈ ಎತ್ತಿದ್ದೆ’ ಎನ್ನಲು ಸಾಧ್ಯವಾದಾಗ ಮಾತ್ರ ಆ ಧೈರ್ಯ ಬರುತ್ತದೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಸೇರಬೇಕೆಂದು ಈಗಿನ ಕಾಯ್ದೆಯೇ ಹೇಳುತ್ತದೆ. ಮಾದರಿ ಉಪವಿಧಿಯನ್ನು ಠರಾವಿಗೆ ಮೊದಲು ಆ ಸಭೆಯಲ್ಲಿ ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ತಿದ್ದಿಸಿಕೊಳ್ಳಲಿ, ಆಮೇಲೆ ಡಂಗುರ ಹೊಡೆಸಲಿ. ಓದುಗರು ಒಂದು ಕೆಲಸ ಮಾಡಬಹುದು: ಮುಂದಿನ ವಾರ್ಡ್ ಸಭೆಗೆ ಹೋಗಿ ನಿಮ್ಮ ಪಂಚಾಯಿತಿಯ ಉಪವಿಧಿಯ ಪ್ರತಿಯನ್ನು ಪಿಡಿಒ ಅವರಲ್ಲಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ.